ಡಿಶ್ ಮಾವ ಮತ್ತು ನಿಲ್ಲದ ಆಕಾಶ

ಡಿಶ್ ಆಂಟೆನಾದ ಎದುರು ನಿಂತು ಹಾಡಿದರೆ ಟೀವಿಯಲ್ಲಿ ಬರುತ್ತೇವೆ ಎಂದು ನಾನು ಒಂದು ಕಾಲದಲ್ಲಿ ನಂಬಿದ್ದೆ. ಏನೂ ಅರಿಯದ ವಯಸ್ಸು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಆಗಲೇ ನನಗೆ ಮೀಸೆ ಚಿಗುರಿತ್ತು. ಪಕ್ಕದ ಮನೆಯ ತಾರಸಿಗೆ ಹೊಸ ಡಿಶ್ ಬಂದಿತ್ತು. ನಾನು ತಲೆಗೆ ನೀರು ಹಚ್ಚಿ ಬಾಚಿಕೊಂಡು, ಅಪ್ಪನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದರ ಮುಂದೆ ನಿಂತೆ. ಕಣ್ಣು ಮುಚ್ಚಿ, ಎರಡೂ ಕೈ ಚಾಚಿ ಒಂದು ಪ್ರೇಮಗೀತೆ ಎತ್ತಿಕೊಂಡೆ. ಕೆಳಗೆ ಆ ಮನೆಯವರು ಫುಟ್‌ಬಾಲ್ ಪಂದ್ಯದ ಕೊನೆಯ ಗಳಿಗೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರಂತೆ. ಆಟಗಾರ ಚೆಂಡಿಗೆ ಕಾಲೆತ್ತಿದ. ಪರದೆ ಚೂರುಚೂರಾಗಿ ನಿಂತುಬಿಟ್ಟಿತು. ಮನೆಗೆ ಮನೆಯೇ ತಾರಸಿಗೆ ಓಡಿ ಬಂದಾಗ ನಾನು ಎರಡನೇ ಚರಣದಲ್ಲಿದ್ದೆ.

ನನಗೆ ನಾಲ್ಕು ಬಿಡಬೇಕೋ ಆಸ್ಪತ್ರೆಗೆ ಸೇರಿಸಬೇಕೋ ಎಂಬ ಚರ್ಚೆ ನಡೆಯುತ್ತಿರುವಾಗ ಆ ಡಿಶ್ ಕೂರಿಸಿದವರನ್ನು ಕರೆಸಿದರು. ಅವರು ನನ್ನ ಸೋದರಮಾವ. ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಡಿಶ್ಶನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಹಾಡಿದ್ದು ಪರವಾಗಿಲ್ಲ. ಆದ್ರೆ ಇದು ಬರೀ ಕೇಳಿಸ್ಕೊಳ್ಳೋ ಕಿವಿ ಕಣೋ, ಬಾಯಲ್ಲ" ಎಂದರು.

ಅಂದಿನಿಂದ ಅವರ ಬಾಯಲ್ಲಿ ನಾನು 'ಗಾಯಕ'. ಈಗ ನಾನು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ತೂಗಿ ಚೀಟಿ ಅಂಟಿಸುವ ಸಂಬಳದಾಳು. ಆಫೀಸಿಗೆ ಹತ್ತಿರ ಎಂಬ ನೆಪದಲ್ಲಿ ಮಾವನ ಮನೆಯಲ್ಲೇ ಠಿಕಾಣಿ ಹೂಡಿದ್ದೇನೆ. ಅಂಟಿಸಿದ ಚೀಟಿಗಳಲ್ಲಿ ಎಷ್ಟು ಸರಿಯಾದ ಪಾರ್ಸೆಲ್ ಮೇಲೆ ಕೂತಿವೆ ಎಂದು ಕೇಳಬೇಡಿ. ಮನೆಯಲ್ಲಿ ಹುದ್ದೆ ಮಾತ್ರ ಬದಲಾಗಿಲ್ಲ, ಗಾಯಕನೇ.

ಬೀದಿಯವರಿಗೆಲ್ಲ ಅವರು ಡಿಶ್ ಮಾವ. ನನಗಿಂತ ಹಿರಿಯರೂ ಹಾಗೆಯೇ ಕರೆಯುತ್ತಾರೆ. ನಮ್ಮ ಬಡಾವಣೆಯ ಯಾವ ತಾರಸಿಗೆ ಹೋದರೂ ಒಂದಲ್ಲ ಒಂದು ಡಿಶ್ ಮಾವನ ಕೈಯಲ್ಲಿ ಕೂತದ್ದು. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ, ಯಾರೋ ಬರುತ್ತಾರೆಂದು ಕಾಯುವಂತೆ ನಿಂತಿರುತ್ತವೆ. ಮಾವ ಕೆಲಸ ಮಾಡುವುದನ್ನು ನೋಡಲು ನನಗೆ ಇಷ್ಟವಿತ್ತು. ಮೊದಲು ಕಂಬಕ್ಕೆ ರಸಮಟ್ಟ ಹಿಡಿದು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ಆಮೇಲೆ ಸಿಗ್ನಲ್ ಮೀಟರನ್ನು ಕೊರಳಿಗೆ ತೂಗುಹಾಕಿಕೊಂಡು, ಡಿಶ್ಶಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸುವಷ್ಟು ಮೆಲ್ಲಗೆ ತಿರುಗಿಸುತ್ತಿದ್ದರು. ಮೀಟರ್ ಕುಂಯ್‌ಗುಟ್ಟುತ್ತಿತ್ತು. ಗುರಿ ಹತ್ತಿರವಾದಷ್ಟೂ ಆ ದನಿ ಏರುತ್ತಿತ್ತು. ಅದು ಕಿರುಚುವ ಜಾಗ ಬಂದೊಡನೆ ಮಾವ ಉಸಿರಾಡುವುದನ್ನೇ ನಿಲ್ಲಿಸಿ ಸ್ಪ್ಯಾನರ್ ತೆಗೆದು ನಟ್ಟುಗಳನ್ನೆಲ್ಲ ಬಿಗಿಯುತ್ತಿದ್ದರು. ಕೊನೆಯಲ್ಲಿ ಡಿಶ್ಶಿನ ಬೆನ್ನಿಗೆ ಎರಡು ಏಟು ತಟ್ಟಿ, "ಇನ್ನು ಅಲುಗಾಡ್ಬೇಡ" ಎನ್ನುತ್ತಿದ್ದರು.

"ಅಲ್ಲೇನಿದೆ ಮಾವ?" ಎಂದು ಒಮ್ಮೆ ಕೇಳಿದ್ದೆ.

"ನಾನೆಲ್ಲಿ ನೋಡಿದೀನಿ? ಇದೆ ಅಂತಾರೆ. ಸಿಗ್ನಲ್ ಬರುತ್ತೆ, ಅಂದ್ಮೇಲೆ ಇರ್ಬೇಕು."

ಜೀವಮಾನವಿಡೀ ಒಬ್ಬ ಮನುಷ್ಯ ಆಕಾಶದ ಒಂದು ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಗುರಿಯಿಟ್ಟಿದ್ದ. ಅಲ್ಲಿರುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಇದು ನನಗೆ ಆಗ ತಮಾಷೆ ಎನಿಸಿತ್ತು.

ಹೋದ ವರ್ಷ ಮಾವ ಬಿದ್ದರು. ಟೈಲರ್ ಮನೆಯ ತಾರಸಿಯಲ್ಲಿ ಡಿಶ್ ಕೂರಿಸಿ, ಕೆಲಸ ಮುಗಿಸಿ, ಸಂಜೆಗತ್ತಲಲ್ಲಿ ಅಂಚಿನಿಂದ ಕೆಳಗೆ ಹೋದರು. ಕೆಳಗಿದ್ದ ಶೆಡ್ಡಿನ ತಗಡು ಅವರ ಜೀವ ಉಳಿಸಿತು, ಕಾಲು ಉಳಿಸಲಿಲ್ಲ. ಮುರಿದ ಕಾಲೇನೋ ಮೆಲ್ಲಗೆ ಕೂಡಿಕೊಂಡಿತು. ಆದರೆ ಆಮೇಲೆ ಮಾವ ನೆಲ ಬಿಟ್ಟು ಮೇಲೆ ಹೋಗಲಿಲ್ಲ. ತಾರಸಿ ಹಾಗಿರಲಿ, ಬಲ್ಬು ಬದಲಿಸಲು ಸ್ಟೂಲು ಹತ್ತುವವರೂ ಅತ್ತೆಯೇ ಆದರು. ಗಾಳಿಗೆ ಡಿಶ್ ತಿರುಗಿದೆ ಬನ್ನಿ ಎಂದು ಜನ ಕರೆದರೆ, "ಕಾಲು ನೋವು" ಎನ್ನುತ್ತಿದ್ದರು. ಕ್ರಮೇಣ ಕರೆಯುವವರೂ ಕಡಿಮೆಯಾದರು. ಮಾವ ಮುಂದಿನ ಕೋಣೆಯ ಮೇಜಿಗೆ ಕೂತು ರಿಮೋಟು, ಮಿಕ್ಸರು, ಮಾತಾಡುವುದನ್ನು ನಿಲ್ಲಿಸಿದ ಗೊಂಬೆಗಳನ್ನು ರಿಪೇರಿ ಮಾಡತೊಡಗಿದರು. ಸ್ಪ್ಯಾನರ್‌ಗಳ ಚೀಲ ಬಾಗಿಲ ಹಿಂದಿನ ಮೊಳೆಗೆ ನೇತುಬಿತ್ತು.

ಹೇಗೆ ಬಿದ್ದರು ಎಂಬುದಕ್ಕೆ ಊರೆಲ್ಲ ಒಂದೊಂದು ಕಥೆ. ರಕ್ತದೊತ್ತಡ ಎಂದರು ಅತ್ತೆ. ಕುಡಿದಿದ್ದ ಎಂದ ಎದುರುಮನೆಯವನು. ಮಾವ ಕುಡಿಯುವುದು ಚಹಾ ಮಾತ್ರ ಎಂದು ಅವನಿಗೂ ಗೊತ್ತು. ವೈರಿಗೆ ಕಾಲು ಸಿಕ್ಕಿಕೊಂಡಿತು ಎಂಬುದು ಟೈಲರ್ ವಾದ. ಮಾವ ಮಾತ್ರ ಬಾಯಿಗೆ ಬೀಗ ಜಡಿದಿದ್ದರು. ಕೇಳಿದವರಿಗೆ, "ಬಿದ್ದೆ, ಅಷ್ಟೇ" ಎನ್ನುತ್ತಿದ್ದರು. ಅವರು ಇನ್ನೊಮ್ಮೆ ಮೇಲೆ ಹತ್ತುತ್ತಾರೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಎಲ್ಲರ ಗಂಟಲಲ್ಲಿದ್ದು ಯಾರ ನಾಲಿಗೆಗೂ ಬಾರದ ಪ್ರಶ್ನೆಯಾಗಿತ್ತು.

ಹೀಗಿರುವಾಗ ಒಂದು ದಿನ ಶಾಲೆಯ ವಿಜ್ಞಾನದ ಟೀಚರ್ ಆಟೋದಲ್ಲಿ ಒಂದು ದೊಡ್ಡ ಪೆಟ್ಟಿಗೆ ತಂದಿಳಿಸಿದರು. ಒಳಗೆ ಒಂದು ದೂರದರ್ಶಕ. ಗಿಡ್ಡ ದಪ್ಪ ಕೊಳವೆ, ಮೂರು ಕಾಲಿನ ಆಸನ, ಒಳಗೆ ಮೋಟಾರು, ಸುರುಳಿ ವೈರಿನ ತುದಿಗೆ ಟೀವಿ ರಿಮೋಟಿನಂಥ ಒಂದು ಸಾಧನ. ಕಂಪ್ಯೂಟರ್ ಟೆಲಿಸ್ಕೋಪ್. ಎರಡು ನಕ್ಷತ್ರ ತೋರಿಸಿಕೊಟ್ಟರೆ ಉಳಿದ ಆಕಾಶವನ್ನೆಲ್ಲ ತಾನೇ ಲೆಕ್ಕ ಹಾಕಿಕೊಂಡು, ಕೇಳಿದ್ದರ ಕಡೆಗೆ ತಿರುಗಿ ನಿಲ್ಲುತ್ತದಂತೆ. ಯಾರೋ ಶಾಲೆಗೆ ದಾನ ಕೊಟ್ಟಿದ್ದು, ಬೀರುವಿನಲ್ಲೇ ಕೂತು ಸತ್ತುಹೋಗಿತ್ತು.

"ಶನಿವಾರ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಆಕಾಶ ತೋರಿಸ್ತೀವಿ ಅಂತ ಹೇಳ್ಬಿಟ್ಟಿದೀನಿ. ಅಷ್ಟರಲ್ಲಿ ಆಗುತ್ತಾ?" ಎಂದರು ಟೀಚರ್.

"ಮೋಟಾರ್ ಓಡಿಸ್ಬಹುದು" ಎಂದರು ಮಾವ. ಆಮೇಲೆ ಸ್ವಲ್ಪ ಹೊತ್ತು ಕೊಳವೆಯನ್ನು ಸವರುತ್ತ ನಿಂತು, "ಮೇಡಂ, ಮಿನುಗದೇ ಇರೋದು ಯಾವುದು?" ಎಂದು ಕೇಳಿದರು.

"ಅಂದ್ರೆ?"

"ಸಂಜೆ ಹೊತ್ತು. ಮಿಕ್ಕ ಚುಕ್ಕಿ ಎಲ್ಲ ಮಿಣಿಮಿಣಿ ಅಂತವೆ. ಒಂದು ಮಾತ್ರ ಸುಮ್ನೆ ನೋಡ್ತಾ ಇರುತ್ತೆ."

"ಗ್ರಹ ಇರ್ಬೇಕು. ಗ್ರಹಗಳು ಮಿನುಗಲ್ಲ. ಈಗ ಸಂಜೆ ದಕ್ಷಿಣದ ಕಡೆ ಹಳದಿಯಾಗಿ ಕಾಣೋದು ಶನಿ. ಸರಿಹೋದ್ರೆ ಇದರಲ್ಲೇ ಉಂಗುರ ಕಾಣುತ್ತೆ, ನೋಡಿ" ಎಂದು ಟೀಚರ್ ಹೊರಟರು. ಬಾಗಿಲಲ್ಲಿ ತಿರುಗಿ, "ಟೆಸ್ಟ್ ಮಾಡೇ ಕೊಡಿ ದಯವಿಟ್ಟು. ಎಲ್ಲರ ಮುಂದೆ ಮರ್ಯಾದೆ ಹೋಗೋದು ಬೇಡ" ಎಂದರು.

ಆ ಮಾತು ಹೇಳಬೇಕಾಗಿರಲಿಲ್ಲ. ಪರೀಕ್ಷಿಸದೆ ಮಾವ ಗಿಲಕಿಯನ್ನೂ ವಾಪಸು ಕೊಟ್ಟವರಲ್ಲ.

ರಿಪೇರಿ ಸುಲಭವಾಗಿಯೇ ಆಯಿತು. ಬ್ಯಾಟರಿ ಪೆಟ್ಟಿಗೆಯ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು, ಒಂದು ವೈರು ತುಂಡಾಗಿತ್ತು. ಬೆಸುಗೆ ಹಾಕಿ ಗುಂಡಿ ಒತ್ತಿದರೆ ದೂರದರ್ಶಕ ಗುಂಯ್ ಎನ್ನುತ್ತ ಮೇಜಿನ ಮೇಲೆ ಕತ್ತು ತಿರುಗಿಸಿತು. ಅತ್ತೆ ಲೋಟ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ನನ್ನನ್ನೇ ನೋಡ್ತಾ ಇದೆ ಕಣ್ರೀ!"

ಕೊಳವೆಯ ಬೆನ್ನ ಮೇಲೆ ಗುರಿ ಹಿಡಿಯಲು ಒಂದು ಸಣ್ಣ ಕಿಂಡಿ, ಅದರೊಳಗೊಂದು ಕೆಂಪು ಚುಕ್ಕಿ. ಚುಕ್ಕಿ ತೋರಿಸುವುದೂ ಕೊಳವೆ ನೋಡುವುದೂ ಒಂದೇ ಆಗಿರಬೇಕು. ಇದನ್ನು ಹಗಲಲ್ಲೇ ಸರಿಮಾಡಿಕೊಳ್ಳಬೇಕು. ಮಾವ ಮೂರು ಕಾಲನ್ನು ಹೊಸ್ತಿಲ ಬಳಿ ನಿಲ್ಲಿಸಿ ಬೀದಿ ಕೊನೆಯ ನೀರಿನ ಟ್ಯಾಂಕಿಗೆ ಗುರಿಯಿಟ್ಟರು. ಕಣ್ಣಿಟ್ಟವರು ತಟ್ಟನೆ ಹಿಂದಕ್ಕೆ ಸರಿದು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ನಾನು ಬಗ್ಗಿ ನೋಡಿದೆ. ಈ ಕೊಳವೆಯಲ್ಲಿ ಎಲ್ಲವೂ ತಲೆಕೆಳಗು. ಟ್ಯಾಂಕಿನ ಏಣಿಯ ಮೇಲೆ ಬಣ್ಣ ಬಳಿಯುತ್ತಿದ್ದವನೊಬ್ಬ ಆಕಾಶದೊಳಕ್ಕೆ ತಲೆ ಇಳಿಬಿಟ್ಟು ನೇತಾಡುತ್ತಿದ್ದ. ಮಾವನ ಮುಖ ಸುಣ್ಣವಾಗಿತ್ತು. ಅತ್ತೆ ಏನೂ ಕಾಣದವರಂತೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.

ಟ್ಯಾಂಕಿಗೆ ಗುರಿ ಸರಿಯಾಯಿತು. ಇನ್ನು ಆಕಾಶ. ನಮ್ಮ ಮನೆಯ ಮುಂದೆ ನಿಂತರೆ ಕಾಣುವುದು ಎದುರುಮನೆಯ ಗೋಡೆ, ಹಿಂದೆ ನಿಂತರೆ ಹಿಂದಿನ ಮನೆಯ ಗೋಡೆ. ಆಕಾಶ ಬೇಕಾದರೆ ತಾರಸಿಯೇ ಗತಿ.

"ಗಾಯಕ, ನೀನು ಮೇಲೆ ಹೋಗು. ನಾನು ಇಲ್ಲಿಂದ ಹೇಳ್ತೀನಿ" ಎಂದರು ಮಾವ. ಅಡುಗೆಮನೆಯ ಹಿಂದಿನ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಹೀಗೆ ಆಕಾಶ ಸರಿಪಡಿಸುವ ಜವಾಬ್ದಾರಿ, ಪಾರ್ಸೆಲ್ ಚೀಟಿ ಸರಿಯಾಗಿ ಅಂಟಿಸಲಾರದವನ ಹೆಗಲಿಗೆ ಬಿತ್ತು.

ಕತ್ತಲಾಗುತ್ತಿದ್ದಂತೆ ಮೂರು ಕಾಲನ್ನು ನಿಲ್ಲಿಸಿ, ರಸಮಟ್ಟದ ಗುಳ್ಳೆಯನ್ನು ನಡುವೆ ತಂದು, ಕೊಳವೆಯನ್ನು ಉತ್ತರಕ್ಕೆ ತಿರುಗಿಸಿ ಸ್ವಿಚ್ ಹಾಕಿದೆ. ರಿಮೋಟು ಸಂದರ್ಶನ ಮಾಡುವ ಅಧಿಕಾರಿಯಂತೆ ಒಂದೊಂದೇ ಪ್ರಶ್ನೆ ಕೇಳಿತು. ಊರು ಯಾವುದು? ಅದರ ಪಟ್ಟಿಯಲ್ಲಿ ನಮ್ಮೂರೇ ಇರಲಿಲ್ಲ. ಶನಿಯ ವಿಳಾಸ ಗೊತ್ತಿದ್ದ ಯಂತ್ರಕ್ಕೆ ನಮ್ಮ ವಿಳಾಸ ಗೊತ್ತಿಲ್ಲ! ಪಕ್ಕದ ದೊಡ್ಡ ಊರನ್ನು ಒಪ್ಪಿಕೊಂಡೆ. ದಿನ ಯಾವುದು? ಹೇಳಿದೆ. ಗಂಟೆ ಎಷ್ಟು? ಕೈಗಡಿಯಾರ ನೋಡಿ ಹೇಳಿದೆ. ಸರಿ, ಮೊದಲ ನಕ್ಷತ್ರ ಸ್ವಾತಿ ಎಂದು ತಾನೇ ಆರಿಸಿಕೊಂಡು ಗುಂಯ್ ಎಂದು ತಿರುಗಿ ನಿಂತಿತು. ಕೆಂಪು ಚುಕ್ಕಿಯ ಹತ್ತಿರ ಏನೂ ಇಲ್ಲ.

"ಸಿಕ್ತೇನೋ?" ಕೆಳಗಿನಿಂದ ಕೂಗು.

"ಹುಡುಕ್ತಾ ಇದೀನಿ ಮಾವ!"

"ಮೆಲ್ಲಗೆ ತಿರುಗ್ಸು. ದನ ಎಳೆದ ಹಾಗೆ ಎಳೀಬೇಡ!"

ಬಾಣದ ಗುಂಡಿಗಳನ್ನು ಒತ್ತುತ್ತ ಹೋದೆ. ಥಟ್ಟನೆ ಒಂದು ಭಾರೀ ಹೊಳಪು ಕಣ್ಣಿಗೆ ಬಿತ್ತು. ಹಿಡಿಯಲು ಹೋದರೆ ಜಾರಿತು. ಬೆನ್ನಟ್ಟಿದೆ. ಮತ್ತೆ ಜಾರಿತು.

"ಮಾವ, ನಕ್ಷತ್ರ ಓಡ್ತಾ ಇದೆ!"

ಕೆಳಗಿನಿಂದ ಅತ್ತೆಯ ದನಿ. "ಲೋ, ಅದು ವಿಮಾನ ಕಣೋ. ಅಡುಗೆಮನೆ ಕಿಟಕಿಯಿಂದ, ಗೋಡೆ ಸಂದಿಯಲ್ಲಿ ನನಗೇ ಕಾಣ್ತಾ ಇದೆ. ಕೆಂಪು ದೀಪ ಬೇರೆ ಹಾಕ್ಕೊಂಡಿದೆ."

ಮಾವ ಕುರ್ಚಿ ನಲುಗುವಂತೆ ನಕ್ಕರು. ಬಿದ್ದ ಮೇಲೆ ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಅಂದು ಯಂತ್ರ ನನ್ನನ್ನು ಅನುತ್ತೀರ್ಣಗೊಳಿಸಿತು. ಊಟಕ್ಕೆ ಕೂತಾಗ ಮಾವನ ಕಣ್ಣು ನನ್ನ ಕೈಗಡಿಯಾರದ ಮೇಲೆ ಬಿತ್ತು, ಅಲ್ಲಿಂದ ಗೋಡೆ ಗಡಿಯಾರಕ್ಕೆ ಹೋಯಿತು.

"ಇದೇನೋ ಅರ್ಧ ಗಂಟೆ ಮುಂದಿದೆ?"

"ಆಫೀಸಿಗೆ ತಡ ಆಗ್ಬಾರದು ಅಂತ ಮುಂದೆ ಇಟ್ಕೊಂಡಿದೀನಿ ಮಾವ."

"ಆದ್ರೂ ದಿನಾ ತಡವಾಗೇ ಹೋಗ್ತೀಯ. ನಿನ್ನ ಮ್ಯಾನೇಜರಿಗೆ ಹೇಳೋ ಸುಳ್ಳನ್ನ ಆಕಾಶಕ್ಕೂ ಹೇಳಿದ್ಯಾ? ಅದು ನಂಬ್ಕೊಂಡು ಅರ್ಧ ಗಂಟೆ ಆಚೆ ಹುಡುಕಿದೆ ಪಾಪ."

ಮರುದಿನ ಶುಕ್ರವಾರ. ಅಂದೇ ಕೊನೆಯ ಅವಕಾಶ. ಟೀಚರ್ ಬೆಳಿಗ್ಗೆಯೇ ಫೋನ್ ಮಾಡಿದ್ದರು, ಮಾವ, "ಇನ್ನೂ ಟೆಸ್ಟ್ ಆಗಿಲ್ಲ ಮೇಡಂ. ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅಂತಲೇ ಹೇಳ್ತೀನಿ" ಎಂದು ಫೋನಿಟ್ಟಿದ್ದರು. ದಿನವಿಡೀ ಯಾವ ಮಿಕ್ಸರನ್ನೂ ಮುಟ್ಟಲಿಲ್ಲ ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು.

ಸಂಜೆ ಫೋನಿನ ಸಮಯ ನೋಡಿ ಸರಿಯಾದ ಗಂಟೆ ಹೇಳಿದೆ. ಯಂತ್ರ ಸ್ವಾತಿಯ ಕಡೆ ತಿರುಗಿತು. ಕೆಂಪು ಚುಕ್ಕಿಯ ಪಕ್ಕದಲ್ಲೇ ಕಿತ್ತಳೆ ಬಣ್ಣದ ನಕ್ಷತ್ರ ನನಗಾಗಿ ಕಾದಿತ್ತು. ನಡುವಿಗೆ ತಂದು ಗುಂಡಿ ಒತ್ತಿದೆ. ಎರಡನೆಯದು ಅಭಿಜಿತ್, ಪೂರ್ವದಲ್ಲಿ, ನೀಲಿಯಂಥ ಬಿಳುಪು. ಅದನ್ನೂ ನಡುವಿಗೆ ತಂದೆ. ಯಂತ್ರ ಒಂದು ಗಳಿಗೆ ಯೋಚಿಸಿ, ಹೊಂದಾಣಿಕೆ ಆಯಿತು ಎಂದು ಬರೆಯಿತು. ಬದುಕಿನಲ್ಲಿ ಯಾವ ಯಂತ್ರವೂ ನನ್ನನ್ನು ಹೀಗೆ ಹೊಗಳಿರಲಿಲ್ಲ.

ಪಟ್ಟಿಯಲ್ಲಿ ಶನಿಯನ್ನು ಆರಿಸಿ ಒತ್ತಿದೆ. ಕೊಳವೆ ಗುಂಯ್‌ಗುಡುತ್ತ, ದಾರಿ ಗೊತ್ತಿದ್ದವರ ಹಾಗೆ ದಕ್ಷಿಣಕ್ಕೆ ಹೊರಳಿ, ಸ್ವಲ್ಪ ತಲೆ ಬಗ್ಗಿಸಿ ನಿಂತಿತು. ಕಣ್ಣಿಟ್ಟೆ.

ಅದನ್ನು ಹೇಗೆ ಹೇಳುವುದು? ಚಿತ್ರಗಳಲ್ಲಿ ನೋಡಿದ್ದೆ. ಚಿತ್ರ ಎಂದರೆ ಯಾರೋ ಬರೆದದ್ದು. ಇದು ಯಾರೂ ಬರೆಯದೆ, ಯಾರೂ ಕೇಳದೆ, ಕಪ್ಪು ಬಾವಿಯ ನಡುವೆ ತನ್ನ ಪಾಡಿಗೆ ತೇಲುತ್ತಿತ್ತು. ಉದ್ದಿನಕಾಳಿಗಿಂತ ಚಿಕ್ಕದು, ಬೆಣ್ಣೆಯ ಬಣ್ಣ. ಅದರ ಸುತ್ತ ಉಂಗುರ. ಉಂಗುರಕ್ಕೂ ಮೈಗೂ ನಡುವೆ ತೆಳ್ಳನೆಯ ಕತ್ತಲು. ಆ ಕತ್ತಲು ಕಂಡದ್ದೇ ನನ್ನ ಮೈಮೇಲಿನ ರೋಮ ಎದ್ದು ನಿಂತಿತು. ನನ್ನ ಬಾಯಿಂದ ಬಂದದ್ದು ಮಾತಲ್ಲ, ಏನೋ ಒಂದು ಶಬ್ದ.

"ಏನಾಯ್ತೋ? ಸಿಕ್ತಾ?"

"ಸಿಕ್ತು ಮಾವ! ಉಂಗುರ... ಉಂಗುರ ಇದೆ!"

"ಸಿಕ್ತಲ್ಲ? ಕೈ ತೆಗಿ! ಎಲ್ಲ ಬಿಗಿ ಮಾಡು! ಪವರ್ ಆಫ್ ಮಾಡು, ಇನ್ನೇನೂ ಮುಟ್ಬೇಡ!"

ಜೀವಮಾನವೆಲ್ಲ ಹಾಗೆಯೇ ಅವರ ಕಸುಬು. ಸಿಕ್ಕಿತೆಂದರೆ ಬಿಗಿ, ಬಿಗಿದರೆ ಮುಗಿಯಿತು. ನಾನೂ ಹಿಂದುಮುಂದು ನೋಡದೆ ಸಿಕ್ಕ ತಿರುಪನ್ನೆಲ್ಲ ಬಿಗಿದು ಸ್ವಿಚ್ ಆರಿಸಿದೆ. ಗುಂಯ್ ಸದ್ದು ನಿಂತಿತು. ಮತ್ತೆ ಕಣ್ಣಿಟ್ಟೆ. ಶನಿ ನಡುವಿನಲ್ಲಿರಲಿಲ್ಲ. ಅಂಚಿನ ಕಡೆಗೆ ಸರಿದಿತ್ತು. ನೋಡುತ್ತಿದ್ದಂತೆಯೇ ಇನ್ನೂ ಸರಿಯಿತು. ಉಂಗುರದ ಒಂದು ತುದಿ ಅಂಚಿಗೆ ತಾಗಿತು, ಆಮೇಲೆ ಅರ್ಧ ಉಳಿಯಿತು, ಆಮೇಲೆ ಬರೀ ಕಪ್ಪು.

"ಮಾವ, ಹೋಗ್ತಾ ಇದೆ! ಹೋಯ್ತು!"

"ಮತ್ತೆ ವಿಮಾನ ಹಿಡಿದ್ಯಾ?"

"ವಿಮಾನಕ್ಕೆಲ್ಲಿ ಮಾವ ಉಂಗುರ?"

"ಹಾಗಾದ್ರೆ ಕೈ ತಾಗಿಸಿದೀಯ. ಬಿಗಿ ಮಾಡಿದ್ದು ಹೋಗಲ್ಲ ಕಣೋ. ಯಾವತ್ತೂ ಹೋಗಿಲ್ಲ!"

"ನಿಮ್ಮಾಣೆ ಮುಟ್ಟಿಲ್ಲ! ತಾನಾಗೇ ಹೋಯ್ತು!"

"ತಿರುಪು ಸಡಿಲ ಇರ್ಬೇಕು. ಕೆಳಗಿಂದು ನೋಡು."

"ಎಲ್ಲ ಬಿಗಿ ಇದೆ!"

"ಇಲ್ಲ. ಇರಕ್ಕಾಗಲ್ಲ."

ಆ ದನಿ ಬೇರೆಯಾಗಿತ್ತು. ನಾನು ಮೆಟ್ಟಿಲ ತಲೆಯಿಂದ ಇಣುಕಿದೆ. ಮಾವ ಎದ್ದು ನಿಂತಿದ್ದರು. ಒಂದು ಕೈ ಕಬ್ಬಿಣದ ಕಂಬಿಯ ಮೇಲಿತ್ತು. ತಾವು ಬಿಗಿ ಮಾಡಿಸಿದ ಒಂದು ವಸ್ತು ಜಾಗ ಬಿಟ್ಟು ಹೋಯಿತು ಎಂಬುದು ಅವರಿಂದ ತಡೆಯಲಾಗದ ಮಾತಾಗಿತ್ತು.

ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಎರಡೂ ಕಾಲು ಅದೇ ಮೆಟ್ಟಿಲಿಗೆ ಬಂದ ಮೇಲೆ ಮುಂದಿನದು. ಕಣ್ಣು ಗೋಡೆಯ ಕಡೆಗೇ ಇತ್ತು. ನಡುವೆ ಒಂದೆಡೆ ನಿಂತುಬಿಟ್ಟರು. ನಾನು ಇಳಿದು ಹೋಗಿ ಕೈ ಹಿಡಿಯಬೇಕೆಂದುಕೊಂಡೆ. ಕೆಳಗೆ ಅತ್ತೆ ಸೌಟು ಹಿಡಿದುಕೊಂಡೇ ಬಂದು ನಿಂತು, ಬೇಡ ಎಂದು ನನಗೆ ಕಣ್ಸನ್ನೆ ಮಾಡಿದರು. ಆಮೇಲೆ, ಅಂಗಡಿಯಿಂದ ಉಪ್ಪು ತನ್ನಿ ಎನ್ನುವಷ್ಟೇ ಸಲೀಸಾಗಿ ಹೇಳಿದರು.

"ರೀ, ಹೋಗ್ತಾ ಇದೀರಲ್ಲ, ಬರುವಾಗ ತಂತಿ ಮೇಲಿನ ಟವೆಲ್ ತನ್ನಿ."

"ನಿನ್ನ ಟವೆಲ್ಲಿಗೆ..." ಎಂದು ಗೊಣಗುತ್ತ ಮಾವ ಉಳಿದ ಮೆಟ್ಟಿಲು ಹತ್ತಿದರು.

ತಾರಸಿಗೆ ಬಂದವರು ನಿಲ್ಲಲಿಲ್ಲ. ಅಂಚಿನಿಂದ ದೂರ, ಸರಿಯಾಗಿ ನಡುವಿಗೆ ಹೋಗಿ, ಮೂರು ಕಾಲಿನ ಪಕ್ಕ ನೆಲಕ್ಕೆ ಕೂತರು. ಅಂಗಿ ಬೆನ್ನಿಗಂಟಿತ್ತು. ಒಂದೊಂದೇ ತಿರುಪನ್ನು ಬೆರಳಿಂದ ಮುಟ್ಟಿ ನೋಡಿದರು. ಎಲ್ಲ ಬಿಗಿಯಾಗಿಯೇ ಇದ್ದವು.

"ಸರಿಯಾಗೇ ಮಾಡಿದೀಯ" ಎಂದರು. ನನ್ನನ್ನು ನೋಡಿದ ರೀತಿಯಲ್ಲಿ ಹೊಗಳಿಕೆಗಿಂತ ಗಾಬರಿಯೇ ಹೆಚ್ಚಿತ್ತು.

ಸ್ವಿಚ್ ಆರಿಸಿದ್ದರಿಂದ ಯಂತ್ರ ಕಲಿತದ್ದನ್ನೆಲ್ಲ ಮರೆತಿತ್ತು. ಮೊದಲಿಂದ ಶುರು. ಈ ಸಲ ರಿಮೋಟು ಮಾವನ ಕೈಯಲ್ಲಿ. ನಾನು ಪರದೆಯ ಅಕ್ಷರ ಓದುತ್ತಿದ್ದೆ, ಅವರು ಗುಂಡಿ ಒತ್ತುತ್ತಿದ್ದರು. ಸ್ವಾತಿಯನ್ನು ನಡುವಿಗೆ ತರುವಾಗ ಅವರ ಬೆರಳು ಮೊದಲಿನ ಬೆರಳಾಗಿತ್ತು. ಒತ್ತುವುದು, ಬಿಡುವುದು, ಕಾಯುವುದು, ಮತ್ತೆ ಒಂದಿಷ್ಟೇ ಒತ್ತುವುದು. ಕೊರಳಲ್ಲಿ ಮೀಟರ್ ಇರಲಿಲ್ಲ, ಆದರೂ ಕತ್ತು ಓರೆ ಮಾಡಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ಅಭಿಜಿತ್ ನೆತ್ತಿಯ ಕಡೆಗೆ ಏರುತ್ತಿತ್ತು. ಅದನ್ನು ಹಿಡಿಯಲು ಮಾವ ಎದ್ದು ನಿಲ್ಲಬೇಕಾಯಿತು. ನಿಂತರು. ನಿಂತದ್ದು ಅವರಿಗೇ ತಿಳಿಯಲಿಲ್ಲವೆಂದು ಕಾಣುತ್ತದೆ.

ಹೊಂದಾಣಿಕೆ ಆಯಿತು. ಶನಿ ಎಂದು ಒತ್ತಿದರು. ಕೊಳವೆ ಹೊರಳಿ ನಿಂತಿತು. ಮಾವ ಬಗ್ಗಿ ಕಣ್ಣಿಟ್ಟರು.

ಹಿಂದಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು, ಬೀದಿಯಲ್ಲೊಂದು ಸ್ಕೂಟರು ಕೆಮ್ಮಿ ಕೆಮ್ಮಿ ಶುರುವಾಯಿತು. ಮಾವನ ಉಸಿರು ಮಾತ್ರ ಕೇಳಲಿಲ್ಲ. ನಟ್ಟು ಬಿಗಿಯುವ ಮುಂಚಿನ ಆ ಹಳೆಯ ನಿಲ್ಲಿಸಿದ ಉಸಿರು. ಕೊನೆಗೆ ಒಂದು ಕಣ್ಣನ್ನು ಹಾಗೆಯೇ ಇಟ್ಟುಕೊಂಡು, ಬಹಳ ಸಣ್ಣ ದನಿಯಲ್ಲಿ, "ಇದೆ ಕಣೋ" ಎಂದರು. "ನಿಜವಾಗ್ಲೂ ಇದೆ."

ಬರಿಗಣ್ಣಿಂದ ನೋಡಿದರೆ ಎದುರಿನ ಕಟ್ಟಡದ ಮೇಲೆ ಒಂದು ಹಳದಿ ಚುಕ್ಕಿ, ಅಷ್ಟೇ. ಅದರೊಳಗೆ ಇಷ್ಟೆಲ್ಲ ಇತ್ತು. ನಾವು ಪಾರ್ಸೆಲ್ ತೂಗುವಾಗ, ರಿಮೋಟು ಬಿಚ್ಚುವಾಗ, ಜಗಳಾಡುವಾಗ, ಅದು ಅಲ್ಲೇ ಉಂಗುರ ತೊಟ್ಟುಕೊಂಡು ನಿಂತಿತ್ತು.

ಅತ್ತೆಯೂ ಬಂದರು. ಕಣ್ಣಿಟ್ಟರು, ತೆಗೆದರು, ಕೊಳವೆಯ ಮುಂದಿನ ತುದಿಗೆ ಹೋಗಿ ಬಗ್ಗಿ ನೋಡಿದರು.

"ಏನತ್ತೆ ಹುಡುಕ್ತಾ ಇದೀರ?"

"ಯಾರೋ ಚಿತ್ರ ಅಂಟಿಸಿರ್ಬೇಕು ಅಂತ ನೋಡಿದೆ." ಮತ್ತೆ ಬಂದು ಕಣ್ಣಿಟ್ಟರು. ಈ ಸಲ ಬೇಗ ತೆಗೆಯಲಿಲ್ಲ. "ಅಯ್ಯೋ, ಎಷ್ಟು ಮುದ್ದಾಗಿದೆ! ಇಷ್ಟು ದಿನ ಇವನನ್ನ ಶನಿ, ಶನಿ ಅಂತ ಬೈತಿದ್ದೆನಲ್ರೀ. ಇನ್ಮೇಲೆ ಬೇರೆ ಏನಾದ್ರೂ ಹುಡುಕ್ಬೇಕು."

ಆದರೆ ಮಾವನಿಗೆ ಅದು ಹೋದದ್ದೇಕೆ ಎಂಬ ಕೊರೆತ ಬಿಟ್ಟಿರಲಿಲ್ಲ. ರಿಮೋಟಿನಲ್ಲಿ, ಮೋಟಾರು ಗ್ರಹವನ್ನು ಹಿಂಬಾಲಿಸುವುದನ್ನು ಮಾತ್ರ ನಿಲ್ಲಿಸುವ ಗುಂಡಿಯನ್ನು ನನ್ನಿಂದ ಹುಡುಕಿಸಿದರು. ನಿಲ್ಲಿಸಿ ಕಣ್ಣಿಟ್ಟರು. ಶನಿ ಮೆಲ್ಲಗೆ ಸರಿಯಿತು. ಯಾರೂ ತಳ್ಳಲಿಲ್ಲ, ಗಾಳಿಯಿಲ್ಲ, ಕಟ್ಟಡ ಅಲ್ಲಾಡಲಿಲ್ಲ. ಅಂಚಿಗೆ ಬಂದಾಗ ಮೋಟಾರು ಹಾಕಿದರು, ಬಾಣ ಒತ್ತಿ ನಡುವಿಗೆ ತಂದರು, ಅಲ್ಲೇ ನಿಂತಿತು. ಮತ್ತೆ ನಿಲ್ಲಿಸಿದರು. ಮತ್ತೆ ಸರಿಯಿತು. ಹೀಗೆ ಎಷ್ಟು ಸಲ ಮಾಡಿದರೋ.

"ಅದು ಹೋಗ್ತಾ ಇಲ್ಲ ಕಣೋ" ಎಂದರು ಕೊನೆಗೆ. "ನಾವು ಹೋಗ್ತಾ ಇರೋದು."

ಭೂಮಿ ತಿರುಗುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು. ಆದರೆ ತಿರುಗುತ್ತಿರುವ ಭೂಮಿಯ ಮೇಲೆ ನಿಂತಿದ್ದೇನೆ ಎಂದು ನನ್ನ ಕಾಲಿಗೆ ಗೊತ್ತಾದದ್ದು ಆಗಲೇ. ತಾರಸಿ, ನೀರಿನ ಟ್ಯಾಂಕು, ತಂತಿಯ ಮೇಲಿನ ಟವೆಲು, ಬೀದಿ, ಬೀದಿಯ ಡಿಶ್‌ಗಳೆಲ್ಲ ಒಟ್ಟಿಗೆ ಸದ್ದಿಲ್ಲದೆ ಪೂರ್ವಕ್ಕೆ ಹೊರಳುತ್ತಿದ್ದವು. ನಾನು ಮೆಲ್ಲಗೆ ನೆಲಕ್ಕೆ ಕೂತೆ. ಮಾವ ನಿಂತೇ ಇದ್ದರು.

"ಹಾಗಾದ್ರೆ ನಾನು ಇಷ್ಟು ವರ್ಷ ಗುರಿ ಇಟ್ಟಿದ್ದೂ ನಿಂತಿರ್ಲಿಲ್ಲ" ಎಂದರು. "ಸ್ಯಾಟಲೈಟೂ ಸುತ್ತುತ್ತೆ ಅಂತ ಟ್ರೈನಿಂಗಲ್ಲಿ ಹೇಳಿದ್ರು. ನಾನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ನಮ್ಮ ಜೊತೆಜೊತೆಗೇ ಓಡ್ತಾ ಇತ್ತು, ಅದಕ್ಕೇ ಗೊತ್ತಾಗ್ಲಿಲ್ಲ ನೋಡು."

ಟೀಚರಿಗೆ ಅಲ್ಲಿಂದಲೇ ಫೋನ್ ಮಾಡಿದರು. "ಟೆಸ್ಟ್ ಆಯ್ತು ಮೇಡಂ. ಶಾಲೆ ತಾರಸಿ ಮೇಲೆ ಸೆಟ್ ಮಾಡೋಕೆ ಯಾರಿದ್ದಾರೆ?" ಅತ್ತ ಕಡೆಯಿಂದ ಏನು ಬಂತೋ. "ಬೇಡ ಬೇಡ, ಅವರಿಗೆ ಗೊತ್ತಾಗಲ್ಲ. ಸಿಕ್ಕಿದ ಮೇಲೆ ಬಿಗಿ ಮಾಡ್ಬಾರದು ಇದನ್ನ. ನಾನೇ ಬರ್ತೀನಿ" ಎಂದರು.

ಅತ್ತೆ ತಂತಿಯಿಂದ ಟವೆಲ್ ತೆಗೆಯುತ್ತಿದ್ದವರು ಅದನ್ನು ಹಾಗೆಯೇ ಮುಖಕ್ಕೆ ಒತ್ತಿಕೊಂಡರು. ಬೆವರು ಎಂದುಕೊಳ್ಳೋಣ.

ಸುಮ್ಮನಿರಬೇಕಾದ ಹೊತ್ತದು. ಆದರೆ ಸುಮ್ಮನಿರಬೇಕಾದಾಗ ಹಾಡುವುದು ನನ್ನ ಹಳೆಯ ಕಾಯಿಲೆ. ಮಾವ ಮತ್ತೆ ಕೊಳವೆಗೆ ಕಣ್ಣಿಟ್ಟಿದ್ದರು.

"ಮಾವ" ಎಂದೆ. "ಆವತ್ತು ಟೈಲರ್ ಮನೆ ಮೇಲೆ... ನಿಜವಾಗ್ಲೂ ಹೇಗೆ ಬಿದ್ರಿ?"

ಟವೆಲ್ ಮಡಿಸ ಹೊರಟಿದ್ದ ಅತ್ತೆಯ ಕೈ ನಿಂತಿತು. ಮಾವ ಕಣ್ಣು ತೆಗೆಯಲಿಲ್ಲ.

"ಇದನ್ನೇ ನೋಡ್ತಾ ಹಿಂದಕ್ಕೊಂದು ಹೆಜ್ಜೆ ಇಟ್ಟೆ. ಬಿದ್ದೆ."